ಒಂದು ಬಾನಿ, ಒಂದು ಡ್ರಮ್ಮು, ಗುತ್ಯಪ್ಪನ ಕೈ

“ಲೋಟ ತೊಳಿಯೋನು ನೀನು. ನಿನ್ನ ತೊಳಿಯೋರು ಯಾರ್ಲೇ?”

ಸಂತೆಯ ದಿನ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿನ ಹೋಟೆಲಿನಲ್ಲಿ ಭತ್ತದ ದಲಾಲಿ ಗಂಗಾಧರಪ್ಪ ತಮ್ಮ ಚಹಾದ ಲೋಟವನ್ನು ಲಾಟೀನಿನ ಬೆಳಕಿಗೆ ಹಿಡಿದು ನೋಡುತ್ತಾರೆ. ಅಂಚಿನಲ್ಲಿ ಬೂದಿಯದೊಂದು ಸಣ್ಣ ಗೆರೆ. ಚಹಾವನ್ನು ಬಾಗಿಲಾಚೆ ಚೆಲ್ಲಿ, ಖಾಲಿ ಲೋಟವನ್ನು ಗುತ್ಯಪ್ಪನ ಮೂಗಿನ ಹತ್ತಿರ ಒಯ್ದು, ಇಡೀ ಹೋಟೆಲಿಗೆ ಕೇಳುವಂತೆ ಈ ಮಾತು ಆಡುತ್ತಾರೆ. ಬೆಂಚಿನ ಮೇಲಿದ್ದವರು ನಗುತ್ತಾರೆ. ಬಾಯಿತುಂಬ ಅವಲಕ್ಕಿ ಹಾಕಿಕೊಂಡಿದ್ದ ಬಸ್ ಕಂಡಕ್ಟರು ಕೆಮ್ಮುತ್ತಲೇ ನಗುತ್ತಾನೆ. ಗಲ್ಲಾದ ಮೇಲೆ ಕೂತ ಮಾಲೀಕ ಸದಾಶಿವಪ್ಪ, ಗಿರಾಕಿಗಳು ನಕ್ಕರೆಂದು ತಾವೂ ನಗುತ್ತಾರೆ.

“ಬ್ಯಾರೆ ಲೋಟ ತರ್ತೀನಿ, ಕೂತಿರಿ” ಎನ್ನುತ್ತಾರೆ ಗುತ್ಯಪ್ಪ. ಅಷ್ಟು ಹೇಳಿ ಮುಗಿಸುವುದರೊಳಗೆ ಅವರು ಹಿಂಬಾಗಿಲು ದಾಟಿರುತ್ತಾರೆ. ಬಿಸಿ ಚಹಾ ಆರುವಷ್ಟು ಹೊತ್ತು ಕೂಡ ಈ ಮನುಷ್ಯ ಒಂದು ಕಡೆ ನಿಲ್ಲುವುದಿಲ್ಲ.

ಶಿಕಾರಿಪುರದಿಂದ, ತೊಗರ್ಸಿಯಿಂದ, ಅತ್ತ ಸೊರಬದ ಹಳ್ಳಿಗಳಿಂದ ಬಂದವರು ಈ ಹೋಟೆಲಿನ ಚಹಾ ಕುಡಿಯದೆ ಸಂತೆಗೆ ಕಾಲಿಡುವುದಿಲ್ಲ. ಮೆಣಸಿನಕಾಯಿ ಬಜ್ಜಿ ಕರಿಯುವವನ ಹೆಸರು ಎಲ್ಲರಿಗೂ ಗೊತ್ತು. ಮಂಡಕ್ಕಿ ಒಗ್ಗರಣೆಯ ಕೈ ಯಾರದ್ದು ಎಂದೂ ಗೊತ್ತು. ಆದರೆ ಕೈಯಲ್ಲಿ ಹಿಡಿದ ಲೋಟ ಎಲ್ಲಿಂದ ಬಂತು, ಇಟ್ಟ ಮೇಲೆ ಎಲ್ಲಿಗೆ ಹೋಯಿತು ಎಂದು ಕೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಕುಡಿದಿಟ್ಟ ಲೋಟ ತಾನೇ ಎದ್ದು ಹೋಗಿ ಸ್ನಾನ ಮಾಡಿಕೊಂಡು ಬರುತ್ತದೆ ಎಂದು ನಂಬಿದ ಹಾಗಿದೆ ನಮ್ಮ ಜನ.

ಲೋಟ ಸ್ನಾನ ಮಾಡುವ ಜಾಗ ಹೋಟೆಲಿನ ಹಿತ್ತಲು. ಒಂದು ಕಡೆ ಒಲೆಯ ಬೂದಿಯ ಗುಡ್ಡೆ, ಒಂದು ಕಡೆ ಹಸಿ ಸೌದೆ, ನಡುವೆ ಕಾಲು ಹೂಳುವ ಕೆಸರು. ಗೋಡೆಗೆ ಒತ್ತಿ ಕಲ್ಲಿನ ಬಾನಿ. ಅದರ ಮುಂದೆ ಗುತ್ಯಪ್ಪ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಏಳುತ್ತಾರೆ, ಒಳಗೆ ಓಡುತ್ತಾರೆ, ಬೆರಳಿಗೊಂದರಂತೆ ಲೋಟ ಸಿಕ್ಕಿಸಿಕೊಂಡು ಬರುತ್ತಾರೆ, ಮತ್ತೆ ಕೂರುತ್ತಾರೆ. ತೆಂಗಿನ ನಾರು, ಚಿಟಿಕೆ ಬೂದಿ, ಒಳಗೆ ಒಂದು ಸುತ್ತು, ಅಂಚಿಗೆ ಒಂದು ಸುತ್ತು, ನೀರಲ್ಲಿ ಮುಳುಗಿಸಿ ಕೊಡವಿ ಹಲಗೆಯ ಮೇಲೆ ಬೋರಲು. ಚಳಿಗಾಲದ ಬೆಳಗಿನಲ್ಲಿ ಬಾನಿಯ ನೀರು ಚುಚ್ಚುತ್ತದೆ. ಬೆರಳ ಸಂದಿಗಳು ಬಿರಿದು ಬೆಳ್ಳಗಾಗಿವೆ. ನಾನು ನೋಡುತ್ತಿರುವುದು ಗೊತ್ತಾಗಿ ಕೈ ನೀರೊಳಗೆ ಅಡಗಿಸುತ್ತಾರೆ.

“ಕೈ ನೋಡ್ಬೇಡಿ ಮಾರಾಯ್ರೆ. ಕೈ ನೋಡಿದ್ರೆ ನೀವು ಚಾ ಕುಡಿಯಲ್ಲ.”

ಗುತ್ಯಪ್ಪ ಸೊರಬ ತಾಲ್ಲೂಕಿನ ಹೊಸಬಾಳೆಯವರು. ಗೇಣಿಗೆ ಉಳುತ್ತಿದ್ದ ಮನೆ. ಅಣ್ಣತಮ್ಮಂದಿರು ಹೆಚ್ಚಾದರು, ಗದ್ದೆ ಹೆಚ್ಚಾಗಲಿಲ್ಲ. ಹೊರಟರು. ಕಾಡಿನಲ್ಲಿ ಮರ ಕಡಿಯುವ ಕೂಪಿನಲ್ಲಿ ದಿಮ್ಮಿ ಎಳೆದರು, ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ತೌಡು ತುಂಬಿದರು, ರಸ್ತೆಗೆ ಜಲ್ಲಿ ಒಡೆದರು. ಎಲ್ಲಿಯೂ ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ನಿಂತವರಲ್ಲ. ಇಲ್ಲಿ ಮಾತ್ರ ವರ್ಷಗಳಾದವು. ಹೆಂಡತಿ ಹೂವಮ್ಮ ಹೆಣ್ಣುಮಕ್ಕಳಿಬ್ಬರನ್ನು ಕಟ್ಟಿಕೊಂಡು ಊರಲ್ಲೇ ಇದ್ದಾರೆ. ಇಲ್ಲಿಂದ ಹೋಗುವ ದುಡ್ಡನ್ನು ನಂಬಿಯೇ ಅಲ್ಲಿ ಒಲೆ ಹತ್ತಬೇಕು.

“ನಿಂತ್ರೆ ಕಾಲು ನೋಯ್ತದೆ ನಂಗೆ, ನಡೆದ್ರೆ ಇಲ್ಲ. ಅವಳೂ ಅದನ್ನೇ ಹೇಳ್ತಾಳೆ, ನಿಮ್ಮ ಕಾಲಿಗೆ ಗೂಟ ಹೊಡೀಬೇಕಿತ್ತು ಅಂತ. ಗೂಟ ಹೊಡೆದದ್ದು ಈ ಬಾನಿ ನೋಡಿ.”

ಇದೊಂದೇ ಬಾನಿ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹಿತ್ತಲಿನ ಆ ತುದಿಯಲ್ಲಿ, ಗೊಬ್ಬರದ ಗುಂಡಿಯ ಪಕ್ಕ, ಅರ್ಧಕ್ಕೆ ಕತ್ತರಿಸಿದ ಒಂದು ಡಾಂಬರಿನ ಡ್ರಮ್ಮು ಇದೆ. ಅದರ ಕತೆ ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಯಾರೂ ಆಡುವುದಿಲ್ಲ. ನಾನು ಆಡುತ್ತೇನೆ.

ಮೊದಲು ಈ ಹೋಟೆಲಿನ ಹೊರಗೋಡೆಯ ಮೊಳೆಗಳಿಗೆ ಅಲ್ಯುಮಿನಿಯಂ ಲೋಟಗಳನ್ನು ತೂಗುಹಾಕಿದ್ದರು. ಹರಿಜನ ಕೇರಿಯವರು ಬಂದು, ತಮ್ಮ ಲೋಟ ತಾವೇ ತೆಗೆದುಕೊಂಡು, ಮೇಲಿನಿಂದ ಸುರಿದ ಚಹಾ ಕುಡಿದು, ತಾವೇ ತೊಳೆದು ಮೊಳೆಗೆ ಸಿಕ್ಕಿಸಿ ಹೋಗಬೇಕಿತ್ತು. ಮೂರು ವರ್ಷದ ಹಿಂದೆ ಇದೆಲ್ಲ ಅಪರಾಧ ಎಂದು ಕಾಯಿದೆ ಬಂತು. ಅಧಿಕಾರಿಯೊಬ್ಬರು ಬಂದು ಎಚ್ಚರಿಸಿ, ಬಜ್ಜಿ ತಿಂದು ಹೋದರು. ಸದಾಶಿವಪ್ಪ ಕಾಯಿದೆಗೆ ಹೆದರುವವರು. ಗಿರಾಕಿಗೆ ಅದಕ್ಕಿಂತ ಹೆಚ್ಚು ಹೆದರುವವರು. ಯೋಚಿಸಿ ಒಂದು ದಾರಿ ಕಂಡುಕೊಂಡರು. ಅಲ್ಯುಮಿನಿಯಂ ಲೋಟ ಹೋಯಿತು, ಎಲ್ಲರಿಗೂ ಒಂದೇ ಥರದ ಗಾಜಿನ ಲೋಟ ಬಂತು. ಆದರೆ ಕೇರಿಯವರಿಗೆ ಹಿಂಬಾಗಿಲು. ಅವರ ಲೋಟಕ್ಕೆ ಹಿಂದಿನ ಹಲಗೆ. ಅವನ್ನು ತೊಳೆಯುವುದಕ್ಕೆ ಡ್ರಮ್ಮು, ಮಿಕ್ಕವರ ಲೋಟಕ್ಕೆ ಕಲ್ಲು ಬಾನಿ. ಲೋಟಕ್ಕೆ ಒಂದು ಚುಕ್ಕಿಯ ಗುರುತು ಕೂಡ ಹಾಕಿಸಲಿಲ್ಲ. ಗುರುತು ಹಾಕಿದರೆ ನಾಳೆ ಅದೇ ಸಾಕ್ಷಿ ಹೇಳೀತು ಎಂಬ ಮುಂದಾಲೋಚನೆ.

ಹಾಗಾಗಿ ಯಾವ ಲೋಟ ಯಾರದು ಎಂದು ಲೋಟಕ್ಕೆ ಗೊತ್ತಿಲ್ಲ, ಮಾಲೀಕರಿಗೂ ಗೊತ್ತಿಲ್ಲ. ಗೊತ್ತಿರುವುದು ಗುತ್ಯಪ್ಪನ ಕೈಗೆ ಮಾತ್ರ. ಈ ಪೇಟೆಯ ಇಷ್ಟು ಜನರ ಮಡಿ, ಜಾತಿ, ಹಿರೇತನ ಎಲ್ಲವೂ ಲೋಟ ತೊಳೆಯುವ ಒಬ್ಬರ ಬಿರಿದ ಬೆರಳಿನ ಮೇಲೆ ನಿಂತಿದೆ. ಆ ಬೆರಳನ್ನು ನಂಬಿ ದಿನಾ ಬೆಳಗ್ಗೆ ಲೋಟ ಬಾಯಿಗಿಟ್ಟುಕೊಳ್ಳುತ್ತಾರೆ. ನಂಬಿದ ಮೇಲೆ ಆ ಮನುಷ್ಯನಿಗೆ ಒಂದು ಮರ್ಯಾದೆಯ ಮಾತಾದರೂ ಬೇಡವೇ? ಅದೂ ಇಲ್ಲ. ಲೇ ಅನ್ನುತ್ತಾರೆ.

“ಎರಡನ್ನೂ ಬೇರೆ ಬೇರೆ ಇಡೋದು ಕಷ್ಟ ಅಲ್ವಾ?” ಎಂದು ಕೇಳುತ್ತೇನೆ.

ಗುತ್ಯಪ್ಪ ಎದ್ದು ಬೂದಿ ತರಲು ಹೋಗುತ್ತಾರೆ. ಬೂದಿ ಅವರ ಮಗ್ಗುಲಲ್ಲೇ ಇದೆ.

“ಸಂತೆ ದಿನ ಮಾತಾಡಿಸ್ಬೇಡಿ” ಎನ್ನುತ್ತಾರೆ ಅಲ್ಲಿಂದಲೇ.

ಇವತ್ತು ಅವರು ಯಾಕೋ ಎಂದಿಗಿಂತ ಚಡಪಡಿಸುತ್ತಿದ್ದಾರೆ. ಹಿಂಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಲೆ ಎತ್ತುತ್ತಾರೆ. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆಯುತ್ತಾರೆ.

ನೆರಳು ಕರಿಯಣ್ಣನವರದ್ದು. ಕೇರಿಯ ಹಮಾಲಿ. ಗಂಗಾಧರಪ್ಪನವರ ಗಾಡಿಗಳಿಂದ ಮೂಟೆ ಇಳಿಸುವವರು. ಹಿಂದಿನ ಹಲಗೆಯ ಲೋಟಕ್ಕೆ ಚಹಾ ಬೀಳುತ್ತದೆ. ನಿಂತೇ ಕುಡಿದು, ಹಳೆಯ ರೂಢಿಯಂತೆ ಲೋಟ ತೊಳೆಯಲು ಬಗ್ಗುತ್ತಾರೆ. ಗುತ್ಯಪ್ಪ ಅದನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತಾರೆ.

“ಬಿಡು ಮಾರಾಯ. ನನ್ನ ಕೆಲ್ಸ ನೀನು ಮಾಡಿದ್ರೆ ನಿನ್ನ ಮೂಟೆ ನಾನು ಹೊರಬೇಕಾಗ್ತದೆ.”

“ಹೊರು ಬಾ, ಯಾರು ಬ್ಯಾಡ ಅಂದ್ರು?” ಎಂದು ನಗುತ್ತಾರೆ ಕರಿಯಣ್ಣ. ನನ್ನ ಕಡೆ ತಿರುಗಿ, “ಹಿಂದಿನ ಅಲ್ಯುಮಿನಿ ಲೋಟದಾಗ ತುಟಿ ಸುಡ್ತಿತ್ತು ನೋಡ್ರಿ. ಇದು ಸುಡಂಗಿಲ್ಲ. ಸ್ವಾತಂತ್ರ್ಯ ಬಂದದ್ದು ನಮಗ ಇಷ್ಟೇ” ಎನ್ನುತ್ತಾರೆ.

ಹೊತ್ತು ಏರುತ್ತದೆ. ಸಂತೆ ತುಂಬುತ್ತದೆ. ಒಳಗೆ ಬೆಂಚು ಸಾಲದೆ ಜನ ನಿಂತು ಬಜ್ಜಿ ತಿನ್ನುತ್ತಾರೆ, ಖಾರಕ್ಕೆ ಬಾಯಿ ಬಿಡುತ್ತ ಚಹಾಕ್ಕೆ ಕೂಗುತ್ತಾರೆ. ಲೋಟ ಸಾಲುವುದಿಲ್ಲ. ಗುತ್ಯಪ್ಪನ ಕೈ ಬಾನಿಯಿಂದ ಹಲಗೆಗೆ, ಹಲಗೆಯಿಂದ ಬಾಗಿಲಿಗೆ. ಅವರು ಬೆಳಗಿನಿಂದ ಏನನ್ನೂ ತಿಂದಿಲ್ಲ ಎಂಬುದು ನನಗೆ ಆಗ ಹೊಳೆಯುತ್ತದೆ. ಈ ಹೋಟೆಲಿನಲ್ಲಿ ಹೊಟ್ಟೆಗಿಲ್ಲದೆ ಓಡಾಡುವ ಮನುಷ್ಯ ಅವರೊಬ್ಬರೇ.

ಅಷ್ಟರಲ್ಲಿ ಗಂಗಾಧರಪ್ಪ ಹಿತ್ತಲಿಗೆ ಬರುತ್ತಾರೆ. ಗಾಡಿ ಬಂದಿದೆ, ಹಮಾಲಿ ಎಲ್ಲಿ ಎಂದು ಹುಡುಕಿಕೊಂಡು. “ಕರಿಯಾ” ಎಂದು ಕೂಗುತ್ತ ಗೊಬ್ಬರದ ಗುಂಡಿಯವರೆಗೆ ಹೋದವರು ಅಲ್ಲೇ ನಿಲ್ಲುತ್ತಾರೆ. ಡ್ರಮ್ಮಿನೊಳಗಿಂದ ಕೊರ್ ಎಂದು ಗದರುವ ಸದ್ದು.

“ಇದೇನ್ಲೇ, ಡ್ರಮ್ಮಿನಾಗ ಕೋಳಿ?”

ಹೋಟೆಲಿಗೆ ನೀರು ಹೊರುವ ದುರ್ಗಮ್ಮ ಆಗ ತಾನೆ ಕೊಡ ಇಳಿಸುತ್ತಿದ್ದಾರೆ. ಓಡಿ ಬಂದು ಇಣುಕುತ್ತಾರೆ.

“ಅಯ್ಯ ನಿನ್ನ, ಇಲ್ಲೈತಲ್ಲ ನಮ್ ಕೆಂಪಿ. ಊರೆಲ್ಲ ಹುಡುಕಿ, ಯಾರೋ ಕೊಯ್ಕಂಡು ತಿಂದ್ರು ಅಂತ ಬಾಯಿಗೆ ಬಂದಂಗ ಬೈದಿದ್ದೆ. ಕೈ ಹಾಕಬ್ಯಾಡ್ರಿ ಸಾವ್ಕಾರ್ರ, ಕುಕ್ಕತೈತಿ. ನೋಡ್ರಿಲ್ಲಿ, ಒಂದು ಮೊಟ್ಟಿ ಆಗಲೇ ಬಿರದೈತಿ. ಇವತ್ತು ಸಂಜಿಗೆ ಮರಿ ಆಗ್ತಾವ.”

ಅವರಿಗೆ ಕೋಳಿ ಸಿಕ್ಕ ಸಂತೋಷ. ಗಂಗಾಧರಪ್ಪ ಮಾತ್ರ ಬೇರೆ ಲೆಕ್ಕ ಹಾಕುತ್ತಿದ್ದಾರೆ. ಕಾವಿಗೆ ಮೂರು ವಾರ. ಅದಕ್ಕೂ ಮೊದಲು ದಿನಕ್ಕೊಂದರಂತೆ ಮೊಟ್ಟೆ ಇಟ್ಟಿರಬೇಕು.

“ತಿಂಗಳ ಮ್ಯಾಲಾತು” ಎನ್ನುತ್ತಾರೆ ನಿಧಾನವಾಗಿ. “ತಿಂಗಳಿಂದ ಈ ಡ್ರಮ್ಮಿಗೆ ಒಂದು ಹನಿ ನೀರು ಬಿದ್ದಿಲ್ಲ. ಹಂಗಾದ್ರ ಕೇರಿಯೋರ ಲೋಟ ಎಲ್ಲಿ ತೊಳದಿ?”

ಗುತ್ಯಪ್ಪನ ಕೈ ಬಾನಿಯಲ್ಲಿ ನಿಂತುಹೋಗುತ್ತದೆ. ಬೆಳಗಿನಿಂದ ಆ ಕೈ ನಿಂತದ್ದನ್ನು ಮೊದಲ ಸಲ ನೋಡುತ್ತಿದ್ದೇನೆ.

ಇಂಥ ಸುದ್ದಿ ಒಳಗೆ ಹೋಗಲು ಯಾರೂ ಒಯ್ಯಬೇಕಾಗಿಲ್ಲ. ಬೆಂಚು ಖಾಲಿಯಾಗಿ ಹಿಂಬಾಗಿಲು ತುಂಬುತ್ತದೆ. ಕೆಲವರ ಕೈಯಲ್ಲಿ ಲೋಟ ಹಾಗೇ ಇದೆ. ಕುಡಿಯುವಂತಿಲ್ಲ, ಎಲ್ಲಿ ಇಡಬೇಕೋ ತಿಳಿಯದು. ಒಬ್ಬರು ಗೋಡೆಯ ಮೂಲೆಗೆ ಹೋಗಿ ಕ್ಯಾಕರಿಸಿ ಉಗುಳುತ್ತಾರೆ. ಒಂದು ತಿಂಗಳ ಚಹಾ ಒಂದು ಉಗುಳಿಗೆ ಹೊರಗೆ ಬರುವುದಾದರೆ ಬರಲಿ. ಯಾರಿಗೂ ಜ್ವರ ಬಂದಿರಲಿಲ್ಲ, ಯಾರ ನಾಲಿಗೆಯೂ ಉದುರಿರಲಿಲ್ಲ, ಇವತ್ತು ಬೆಳಗ್ಗೆ ಕೂಡ ಇನ್ನೊಂದು ಕೊಡಿ ಎಂದು ಕೇಳಿ ಕುಡಿದಿದ್ದರು. ಕೋಳಿ ಹೇಳಿದ ಮೇಲೆ ಅದೇ ಚಹಾ ಮೈಲಿಗೆಯಾಗುತ್ತದೆ.

“ಸೋಮಾರಿ ನನ್ಮಗ, ಎಲ್ಡು ಕಡಿ ನೀರು ಹೊಯ್ಯಾಕ ಬ್ಯಾಸರಾತು” ಎನ್ನುತ್ತಾನೆ ಒಬ್ಬ.

“ಬ್ಯಾಸರ ಅಲ್ಲ, ಬೇಕಂತ ಮಾಡ್ಯಾನ” ಎನ್ನುತ್ತಾನೆ ಇನ್ನೊಬ್ಬ. “ನಾಕು ಬಿಟ್ರ ಬಾಯಿ ಬಿಡ್ತಾನ.”

ಕರಿಯಣ್ಣ ಒಂದು ಹೆಜ್ಜೆ ಮುಂದೆ ಬಂದು ಗುತ್ಯಪ್ಪನ ಪಕ್ಕ ನಿಲ್ಲುತ್ತಾರೆ. ಮೂಟೆ ಹೊತ್ತು ಗಟ್ಟಿಯಾದ ಹೆಗಲು. ನಾಕು ಬಿಡುವ ಮಾತು ಅಲ್ಲಿಗೆ ನಿಲ್ಲುತ್ತದೆ.

ಸದಾಶಿವಪ್ಪ ಗಲ್ಲಾ ಬಿಟ್ಟು ಓಡಿ ಬಂದು ಎರಡೂ ಹಲಗೆ ನೋಡುತ್ತಾರೆ. ಆ ಹಲಗೆಯಿಂದೊಂದು, ಈ ಹಲಗೆಯಿಂದೊಂದು ಲೋಟ ತೆಗೆದು ತಿರುಗಿಸುತ್ತಾರೆ. ಅದೇ ಗಾಜು, ಅದೇ ದಪ್ಪ ತಳ. ಗುರುತು ಬೇಡ ಎಂದವರು ಅವರೇ. ಈಗ ಯಾವ ಲೋಟ ಒಡೆಯಬೇಕು, ಯಾವುದನ್ನು ಉಳಿಸಬೇಕು ಎಂದು ದೇವರೇ ಬಂದು ಹೇಳಬೇಕು. ನಾಳೆಯಿಂದ ಈ ಬಾಗಿಲಿಗೆ ಯಾರೂ ಬರದಿದ್ದರೆ? ಹೋಟೆಲು ನಡೆಸುವವರ ತಲೆ ಇಂಥ ಹೊತ್ತಲ್ಲಿ ಚುರುಕಾಗಿ ಓಡುತ್ತದೆ.

“ಏ ಗುತ್ಯಾ, ನೀ ಅವನ್ನ ಬಾವಿ ಕಟ್ಟಿಗೆ ಒಯ್ದು ತೊಳಕಂಡು ಬರ್ತಿದ್ದಿ, ಅಲ್ಲೇನು?” ಎಂದು ಎಲ್ಲರಿಗೂ ಕೇಳುವಂತೆ ಕೇಳುತ್ತಾರೆ. “ಡ್ರಮ್ಮು ಸೋರ್ತೈತಿ ಅಂತ ನೀನೇ ಅಂದಿದ್ದಿ. ಬ್ಯಾರೇನೇ ತೊಳೀತಿದ್ದಿ. ಹೌದಲ್ಲ? ಹೂಂ ಅನ್ನು.”

ಗುತ್ಯಪ್ಪ ಹಾಗೆ ಅಂದಿರಲಿಲ್ಲ ಎಂದು ಸದಾಶಿವಪ್ಪನವರ ಮುಖವೇ ಹೇಳುತ್ತಿದೆ. ಬಾವಿಯಿಂದ ದಿನವಿಡೀ ನೀರು ಸೇದುವ ದುರ್ಗಮ್ಮನಿಗೆ ಬಾವಿ ಕಟ್ಟೆಯ ಮೇಲೆ ಯಾವ ಲೋಟವೂ ಬಂದಿಲ್ಲ ಎಂಬುದು ಚೆನ್ನಾಗಿ ಗೊತ್ತು. ಅವರು ಕೋಳಿಯ ಬೆನ್ನು ಸವರುತ್ತ ಬಗ್ಗಿಯೇ ಇದ್ದಾರೆ.

ನಾನು ಆ ಮುಖಗಳನ್ನು ನೋಡುತ್ತೇನೆ. ಒಬ್ಬರಿಗೂ ನಿಜ ಬೇಕಾಗಿಲ್ಲ. ಹೂಂ ಎನ್ನುವ ಒಂದು ಸದ್ದು ಸಾಕು. ಹೊಟ್ಟೆ ತಣ್ಣಗಾಗುತ್ತದೆ, ಮಡಿ ಮೊದಲಿನ ಹಾಗೆ ಒಣಗುತ್ತದೆ, ಎಲ್ಲರೂ ಒಳಗೆ ಹೋಗಿ ಆರಿದ ಬಜ್ಜಿಯನ್ನು ಬಿಸಿ ಮಾಡಿಸಿಕೊಳ್ಳುತ್ತಾರೆ. ಗುತ್ಯಪ್ಪನ ಕೆಲಸ ಉಳಿಯುತ್ತದೆ. ಹೊಸಬಾಳೆಯಲ್ಲಿ ಹೂವಮ್ಮನ ಒಲೆ ಉರಿಯುತ್ತದೆ. ಇಲ್ಲವೆಂದರೆ ಈ ಪೇಟೆಯಲ್ಲಿ ಯಾವ ಹೋಟೆಲಿನವರೂ ಈ ಕೈಗೆ ಒಂದು ಚಮಚ ಕೂಡ ಕೊಡುವುದಿಲ್ಲ.

“ಹೌದೇನಪ್ಪ, ಬಾವಿ ಹತ್ರ ತೊಳೀತಿದ್ದಿಯೇನು?” ಎಂದು ಗಂಗಾಧರಪ್ಪ ಕೇಳುತ್ತಾರೆ. ದನಿಯಲ್ಲಿ ಸಿಟ್ಟಿಲ್ಲ. ಬೇಡುವ ದನಿ. “ಹೇಳು ಗುತ್ಯಪ್ಪ. ಸುಮ್ನ ಹೂಂ ಅಂದುಬಿಡು, ಮುಗೀತು.”

ಗುತ್ಯಪ್ಪ ಎದ್ದು ನಿಲ್ಲುತ್ತಾರೆ. ಹೆಗಲ ಮೇಲಿನ ವಸ್ತ್ರ ತೆಗೆದು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ, ಬಿರಿದ ಸಂದಿಗಳಲ್ಲಿ ಮೆಲ್ಲಗೆ. ಆತುರವೇ ಇಲ್ಲ. ಸೌದೆಯ ಮೇಲೆ ಕಳಚಿಟ್ಟಿದ್ದ ಅಂಗಿಯನ್ನು ಹಾಕಿಕೊಂಡು ಗುಂಡಿ ಹಾಕುತ್ತಾರೆ. ಹಿತ್ತಲಿನಿಂದ ಓಣಿಗೆ ಹೋಗಲು ದಾರಿಯಿದೆ. ಆ ಕಡೆ ತಿರುಗುವುದಿಲ್ಲ. ಹಿಂಬಾಗಿಲಲ್ಲಿ ಕಿಕ್ಕಿರಿದವರ ಎದುರಿಗೇ ನಡೆಯುತ್ತಾರೆ. ಮೈ ಸೋಕೀತೆಂದು ಜನ ಸರಿದು ದಾರಿ ಬಿಡುತ್ತಾರೆ. ಖಾಲಿ ಬೆಂಚುಗಳ ನಡುವೆ, ಗಲ್ಲಾದ ಮುಂದೆ, ಗಿರಾಕಿಗಳು ಬರುವ ಮುಂಬಾಗಿಲಿನಿಂದ ಇಳಿದು, ಸಂತೆಯ ಗದ್ದಲ ದಾಟಿ ಸೊರಬದ ರಸ್ತೆ ಹಿಡಿಯುತ್ತಾರೆ.

“ಲೇ ಗುತ್ಯಾ, ಒಂದು ಮಾತು ಹೇಳಿ ಹೋಗೋ” ಎಂದು ಸದಾಶಿವಪ್ಪ ಹೊಸ್ತಿಲಲ್ಲಿ ನಿಂತು ಕೂಗುತ್ತಲೇ ಇದ್ದಾರೆ. ಗುತ್ಯಪ್ಪ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದಿಲ್ಲ, ನಡೆಯುತ್ತಾರೆ.