ಅಂಕಲಿ ಮಠದ ಕತ್ತಲಲ್ಲಿ ಕುಂಕುಮ

ನನ್ನನ್ನು ನೋಡಲು ಬಂದವರಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಹಂಚಿ ಹಂಚಿ ಬೇಸತ್ತು ಒಂದು ದಿನ ಅಪ್ಪನಿಗೆ ನೇರವಾಗಿ ಹೇಳಿಬಿಟ್ಟೆ. “ಇನ್ನು ಯಾರೂ ನಮ್ಮನೆಗೆ ಬಂದು, ಸಂತೇಲಿ ಕುರಿ ಹಲ್ಲು ನೋಡ್ದಂಗೆ ನನ್ನ ನೋಡೋದು ಬ್ಯಾಡ. ಅವರೂ ದುರ್ಗಕ್ಕೆ ಬರ್ಲಿ, ನಾವೂ ಹೋಗಾಣ. ಅವರು ನನ್ನ ನೋಡ್ಲಿ, ನಾನೂ ಅವರನ್ನ ನೋಡ್ತೀನಿ.”

ಅಪ್ಪ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದ. ಅವ್ವ, “ನನ್ನನ್ನೇನು ನೋಡ್ತೀರಿ? ಅವಳಿಗೆ ಆ ಬಾಯಿ ನಿಮ್ಮ ಕಡೆಯಿಂದಲೇ ಬಂದಿರೋದು” ಅಂದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತ ನಾನಂದೆ. ಬದುಕುತ್ತಾರೆ, ಆದರೆ ಗಂಡು ಸಿಗಲ್ಲ ಅಂತ ಅವ್ವ ಅಂದಳು. ನಮ್ಮ ಮನೆಯಲ್ಲಿ ಮಾತು ಹೀಗೇ ನಡೆಯುತ್ತದೆ, ಯಾರೂ ಬಿಟ್ಟುಕೊಡುವವರಲ್ಲ.

ನಮ್ಮದು ಮತ್ತೋಡಿನ ಹತ್ತಿರದ ಹಳ್ಳಿ. ನಾನು ಹಿರಿಯೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಆ ಸಲ ಬಂದಿದ್ದ ಸಂಬಂಧ ಹೊಳಲ್ಕೆರೆ ಕಡೆಯದು. ಹುಡುಗನಿಗೆ ಹೊಳಲ್ಕೆರೆಯಲ್ಲಿ ಮೋಟಾರು ರಿಪೇರಿ ಅಂಗಡಿ, ಮನೆಯವರಿಗೆ ಕುರಿ ಮತ್ತು ಹೊಲ. ನಮ್ಮ ಮಾವ ಕೊಟ್ಟ ನಂಬರಿನಿಂದ ನಾವಿಬ್ಬರೂ ಕೆಲವು ವಾರ ಫೋನಿನಲ್ಲಿ ಮಾತಾಡಿದ್ದೆವು. ಮಾತಿನ ಮಧ್ಯೆ ಅವನು ಆಗಾಗ “ಒಂದ್ನಿಮಿಷ ಇರ್ರಿ, ಅಜ್ಜಿಗೆ ಮಾತ್ರೆ ಕೊಟ್ಟು ಬರ್ತೀನಿ” ಅಂತ ಎದ್ದು ಹೋಗುತ್ತಿದ್ದ. ನಾನು ಜೋರು ಮಾಡಿದರೆ ನಗುತ್ತಿದ್ದ. ನಕ್ಕಿದ್ದು ಹೆದರಿಕೆಗಲ್ಲ, ಇಷ್ಟಪಟ್ಟು ನಕ್ಕಿದ್ದು ಅಂತ ದನಿಯಲ್ಲೇ ತಿಳಿಯುತ್ತಿತ್ತು. ಮುಚ್ಚುಮರೆ ಯಾಕೆ, ಮದುವೆ ಅಂತಾದರೆ ಇವನನ್ನೇ ಅಂತ ನಾನು ನಿಶ್ಚಯ ಮಾಡಿಬಿಟ್ಟಿದ್ದೆ. ಇನ್ನು ಬೇಕಾಗಿದ್ದದ್ದು ಒಂದೇ, ಅವನ ಅಜ್ಜಿಯ ಒಪ್ಪಿಗೆ. ತಾಯಿ ತೀರಿಕೊಂಡ ಮಗುವನ್ನು ತಂದು ಸಾಕಿದವಳು ಆ ಅಜ್ಜಿ, ತಾಯಿಯ ತಾಯಿ. ತಂದೆ ಬೇರೆ ಮದುವೆಯಾಗಿ ಎಲ್ಲೋ ಇದ್ದ. ಅಜ್ಜಿ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ, ಅದರ ಮೇಲೆ ಅಪೀಲಿಲ್ಲ.

ಎಲ್ಲಿ ಸೇರೋಣ ಅಂತ ಅವನು ಕೇಳಿದಾಗ ಚಂದ್ರವಳ್ಳಿ ಅಂದೆ. ಕೋಟೆ ಹತ್ತಲು ಅಜ್ಜಿಗೆ ಮಂಡಿ ನೋವು. ಚಂದ್ರವಳ್ಳಿಯಲ್ಲಿ ಕೆರೆ ಇದೆ, ನೆರಳಿದೆ, ಜೊತೆಗೆ ಅಂಕಲಿ ಮಠದ ಗುಹೆ ಇದೆ. ನಾನು ಎಷ್ಟೋ ಸಲ ಚಿತ್ರದುರ್ಗಕ್ಕೆ ಹೋಗಿದ್ದರೂ ಆ ಗುಹೆಗೆ ಇಳಿದಿರಲಿಲ್ಲ. ನೋಡಿದ ಹಾಗೂ ಆಯಿತು, ಅಜ್ಜಿಗೆ ಲಿಂಗದ ದರ್ಶನವೂ ಆಯಿತು ಅಂತ ನನ್ನ ಲೆಕ್ಕಾಚಾರ.

ಆ ಭಾನುವಾರ ನಾನು, ಅಪ್ಪ, ಅವ್ವ ಬಸ್ಸಿಳಿದು ಆಟೋದಲ್ಲಿ ಹೋಗುವಷ್ಟರಲ್ಲಿ ಅವನೂ ಅಜ್ಜಿಯೂ ಬಂಡೆಯ ನೆರಳಲ್ಲಿ ಕುಳಿತಿದ್ದರು. ಅಜ್ಜ ಕುರಿ ಹಿಂದೆ ಹೋಗಿದ್ದನಂತೆ, “ನೀನು ಏನಂತೀಯೋ ಅದೇ ನಂದೂ” ಅಂತ ಹೇಳಿ ಕಳಿಸಿದ್ದನಂತೆ. ಅಜ್ಜಿಯ ಹಣೆಯಲ್ಲಿ ದೊಡ್ಡ ಕುಂಕುಮ, ಮಡಿಲಲ್ಲಿ ಒಂದು ಚೀಲ ಅವರೆಕಾಯಿ. ನಮ್ಮನ್ನು ಕಂಡ ಕೂಡಲೇ, “ಬರ್ರಿ, ಕುಂತ್ಕಳ್ರಿ” ಅಂತ ತನ್ನ ಮನೆಯ ಜಗಲಿಯೇನೋ ಅನ್ನುವ ಹಾಗೆ ಬಂಡೆ ತೋರಿಸಿದಳು. ಆಮೇಲೆ ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ, “ಸ್ವಾಮೇರು ಇರೋದು ಎಲ್ಲಿ? ಊಟದ ಹೊತ್ತಿಗೆ ಮುಂಚೆ ಇದನ್ನ ಮುಟ್ಟಿಸ್ಬೇಕಲ್ಲ” ಅಂತ ಚೀಲ ಎತ್ತಿದಳು.

ಮಠ ಅಂದಿದ್ದಕ್ಕೆ ಅಜ್ಜಿ ದಾಸೋಹದ ಮಠವೆಂದೇ ತಿಳಿದು ಬರಿಗೈಲಿ ಹೋಗಬಾರದು ಅಂತ ಅವರೆಕಾಯಿ ಕಿತ್ತು ತಂದಿದ್ದಳು. ಮೊಮ್ಮಗ ತಲೆ ಕೆರೆದುಕೊಂಡ. ಅಷ್ಟರಲ್ಲಿ ಕೈಯಲ್ಲಿ ಉದ್ದನೆಯ ಟಾರ್ಚ್ ಹಿಡಿದ ಗೈಡ್ ಬಂದ, ಕೂದಲು ಅರ್ಧ ನರೆತ ಲವಲವಿಕೆಯ ಮನುಷ್ಯ. “ಅಜ್ಜಿ, ಇಲ್ಲಿ ಸ್ವಾಮಿಗಳು ಇದ್ದದ್ದು ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲಕ್ಕೆ. ಈಗ ಬಾವಲಿ ಅವೆ” ಅಂದ. ಅಜ್ಜಿ, “ಹಂಗಾದ್ರೆ ಸ್ವಾಮೇರ ಪಾಲು ನಿಂದು, ತಗಾ” ಅಂತ ಚೀಲ ಅವನ ಕೈಗೇ ಕೊಟ್ಟಳು. ಗೈಡ್ ಬೇಡ ಅನ್ನಲಿಲ್ಲ. ನನಗೆ ಅಜ್ಜಿ ಆಗಲೇ ಹಿಡಿಸಿಬಿಟ್ಟಳು.

ಮಠ ಅಂದ ಮೇಲೆ ಮೆಟ್ಟು ಹಾಕಿ ಇಳಿಯುವಂತಿಲ್ಲ ಅಂತ ಅಜ್ಜಿ ಪಟ್ಟು ಹಿಡಿದಳು. ಎಲ್ಲರೂ ಬರಿಗಾಲಾದೆವು. ಗುಹೆಯ ಬಾಯಿ ಸಣ್ಣದು, ಹೊರಗಿನ ಬಿಸಿಲು ಎರಡು ಹೆಜ್ಜೆಗೆ ಮುಗಿದು ಕಾಲಡಿಯ ಕಲ್ಲು ತಣ್ಣಗಾಯಿತು. “ತಲೆ ಬಗ್ಗಿಸ್ರಿ, ಇಲ್ಲಿ ರಾಜನೂ ಬಗ್ಗಲೇಬೇಕು” ಅಂತ ಗೈಡ್ ಮುಂದೆ ಹೊರಟ. ಅವನ ಹಿಂದೆ ಅಪ್ಪ, ಎಲ್ಲರಿಗಿಂತ ಹಿಂದೆ ಅವ್ವ. ಅಜ್ಜಿಯ ಒಂದು ಕೈ ಮೊಮ್ಮಗನ ಹೆಗಲ ಮೇಲೆ, ಇನ್ನೊಂದು ಕೈಯನ್ನು ನಾನು ಹಿಡಿದೆ. ಕೋಣೆಯಿಂದ ಕೋಣೆಗೆ ಇಳಿಯುತ್ತಾ ಹೋದೆವು. ಇದು ಕೂರುವ ಜಾಗ, ಇದು ಸ್ನಾನದ ಮನೆ, ಇದು ನೀರು ಹರಿದು ಹೋಗುವ ದಾರಿ ಅಂತ ಗೈಡ್ ಟಾರ್ಚ್ ತಿರುಗಿಸಿ ತೋರಿಸುತ್ತಿದ್ದ. ಗೋಡೆಯ ಮೇಲೆ ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿತ್ತು. ಅಪ್ಪ ಅದನ್ನು ಮುಟ್ಟಲು ಹೋಗಿ ಬೈಸಿಕೊಂಡ.

ಅಜ್ಜಿಗೆ ಬಣ್ಣ ಬೇಕಿರಲಿಲ್ಲ. ಅವಳು ನನ್ನ ಪರೀಕ್ಷೆಗೆ ಇಳಿದಿದ್ದಳು. “ಮುದ್ದೆ ತಿರುವ್ತೀಯೇನವ್ವ?”

“ತಿರುವ್ತೀನಿ. ಗಂಟಿಲ್ದಂಗೆ.”

“ರಾತ್ರಿ ಡ್ಯೂಟಿ ಮದುವೆ ಆದ್ಮೇಲೂ ಮಾಡ್ತೀಯ?”

“ಮಾಡ್ತೀನಿ ಅಜ್ಜಿ. ಆವತ್ತು ನಿಮ್ಮ ಮೊಮ್ಮಗ ಮುದ್ದೆ ತಿರುವ್ತಾನೆ.”

ಹಿಂದಿನಿಂದ ಅವ್ವ ನನ್ನ ಸೊಂಟಕ್ಕೆ ಚಿವುಟಿದಳು. ಅಜ್ಜಿ ನಾಲ್ಕು ಹೆಜ್ಜೆ ಇಳಿದ ಮೇಲೆ, “ಅವನು ತಿರುವಿದ್ರೆ ಗಂಟು ಗಂಟೇ ಆಗೋದು” ಅಂದಳು. ಮೊಮ್ಮಗ ನಕ್ಕಿದ್ದು ಕಲ್ಲಿಗೆ ಬಡಿದು ದೊಡ್ಡದಾಗಿ ಕೇಳಿಸಿತು. ಗೆದ್ದೆ ಅಂದುಕೊಂಡೆ. ಬೆರಳಿನ ತುದಿಯಲ್ಲಿತ್ತು ಗೆಲುವು.

ಲಿಂಗವಿದ್ದ ಕೋಣೆಗೆ ಬಂದಾಗ ಅಜ್ಜಿ ನಮ್ಮನ್ನೆಲ್ಲ ಬಿಟ್ಟು ಕಣ್ಣು ಮುಚ್ಚಿ ನಿಂತಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆ ಹೊತ್ತಿಗೆ ಗೈಡ್ ನಮ್ಮ ಕಡೆ ತಿರುಗಿ, “ಮೊಬೈಲ್ ಲೈಟು ಇದ್ರೆ ಆಫ್ ಮಾಡ್ಕಳ್ರಿ, ಒಂದು ವಿಶೇಷ ತೋರಿಸ್ತೀನಿ” ಅಂತ ಮೆಲ್ಲಗೆ ಹೇಳಿದ. ಅಪ್ಪ ವಿಧೇಯನಾಗಿ ತನ್ನದನ್ನು ಆರಿಸಿದ, ಹುಡುಗನೂ ಆರಿಸಿದ. ಅಜ್ಜಿಗೆ ಇದಾವುದೂ ಕೇಳಲಿಲ್ಲ. ಅವಳು ಕಣ್ಣು ಬಿಟ್ಟು, ಸೆರಗಿನ ಗಂಟು ಬಿಚ್ಚಿ, ಎರಡು ಬೆರಳಲ್ಲಿ ಕುಂಕುಮ ಹಿಡಿದು ನನ್ನ ಕಡೆ ತಿರುಗಿದಳು. ನನಗೆ ಅರ್ಥವಾಯಿತು. ನಮ್ಮ ಕಡೆ ಹೆಣ್ಣಿನ ಹಣೆಗೆ ಗಂಡಿನ ಕಡೆಯ ಮುತ್ತೈದೆ ಕುಂಕುಮ ಇಟ್ಟರೆ ಮಾತು ಗಟ್ಟಿಯಾದಂತೆ. ನಾನು ಹಣೆ ಮುಂದೆ ಮಾಡಿದೆ.

“ಈ ಹುಡುಗಿ ನಂಗೆ...” ಅಂತ ಅಜ್ಜಿ ಕೈ ಎತ್ತಿದಳು. ಗೈಡ್ ಟಾರ್ಚ್ ಆರಿಸಿದ.

ಅಯ್ಯೋ, ಅಂಥ ಕತ್ತಲನ್ನು ನಾನು ಕಂಡಿಲ್ಲ. ಕಣ್ಣು ಮುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ಆ ಕಪ್ಪಿನಲ್ಲಿ ಗೈಡಿನ ದನಿ ಹೆಮ್ಮೆಯಿಂದ, “ಇದು ನೋಡ್ರಿ ನಿಜವಾದ ಕತ್ತಲು! ಮೇಲೆ ಎಲ್ಲಿ ಹುಡುಕಿದ್ರೂ ಸಿಗಲ್ಲ” ಅಂತು.

“ಶಿವ ಶಿವಾ!” ಅಂತ ಅಜ್ಜಿ ಚೀರಿದಳು.

ಟಾರ್ಚ್ ಹತ್ತಿದಾಗ ಅಜ್ಜಿ ಗೋಡೆಗೆ ಒರಗಿದ್ದಳು. ಕುಂಕುಮದ ಕೈ ಎದೆಗೆ ಒತ್ತಿಕೊಂಡು ರವಿಕೆಯೆಲ್ಲ ಕೆಂಪಾಗಿತ್ತು. “ಬ್ಯಾಡ” ಅಂದಳು. “ನಡೀರಿ ಮ್ಯಾಲೆ. ಬ್ಯಾಡ ಈ ಸಂಬಂಧ. ಕುಂಕುಮ ಎತ್ತಿದ ಕೈಗೆ ಬೆಳಕು ಹೋತು. ಶಿವನೇ ಬ್ಯಾಡ ಅಂದ.”

ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. ಗೈಡಿನ ಮೇಲೆ ಹರಿಹಾಯ್ದ. “ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದಂಗೆ ಮಾಡಿದ್ಯಲ್ಲಪ್ಪ! ಈಗ್ಲೇ ಆರಿಸ್ಬೇಕಿತ್ತಾ?”

ಪಾಪ, ಆ ಮನುಷ್ಯ ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಅವರೆಕಾಯಿ ಚೀಲ ಹಿಡಿದು ಬೆವತುಹೋದ. “ಅಜ್ಜಿ, ನನ್ನಾಣೆಗೂ ಇದು ಶಕುನ ಅಲ್ಲ. ಬಂದೋರಿಗೆಲ್ಲ ದಿನಾ ಇದೇ ಜಾಗದಾಗೆ ಆರಿಸಿ ತೋರಿಸ್ತೀನಿ.”

“ನೀನು ದಿನಾ ಆರಿಸ್ತೀಯಪ್ಪ. ನಾನು ದಿನಾ ಕುಂಕುಮ ಇಡಲ್ಲ” ಅಂದಳು ಅಜ್ಜಿ.

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಳ್ಳಲು ಶುರುಮಾಡಿದಳು. ಅಜ್ಜಿ ನಮಗ್ಯಾರಿಗೂ ಅಲ್ಲ, ಆ ಲಿಂಗಕ್ಕೆ ಹೇಳುವ ಹಾಗೆ ಹೇಳಿದಳು. “ನನ್ನ ಮಗಳಿಗೆ ಗಂಡಿನೋರು ಕುಂಕುಮ ಇಡೋವಾಗ್ಲೂ ಹಿಂಗೇ ದೀಪ ಆರ್ತು. ಗಾಳಿ ಅಂದ್ರು, ಮದುವೆ ಮಾಡಿದ್ವಿ. ಇವನಿಗಿನ್ನೂ ಹಾಲು ಬಿಡಿಸಿರಲಿಲ್ಲ, ನನ್ನ ಮಡಿಲಿಗೆ ಹಾಕಿ ಹೊಂಟೋದ್ಲು.”

ನನ್ನ ಹುಡುಗ ನೆಲ ನೋಡುತ್ತಾ ನಿಂತಿದ್ದ. ನನಗೆ ಎಲ್ಲಿಲ್ಲದ ಕೋಪ ಬಂತು. ಅಜ್ಜಿಯ ಮೇಲಲ್ಲ, ಅವನ ಮೇಲೆ. “ಏನ್ರೀ, ಫೋನಲ್ಲಿ ಗಂಟೆಗಟ್ಟಲೆ ಮಾತಾಡ್ತಿದ್ರಲ್ಲ, ಈಗ ಬಾಯಿಗೆ ಬೀಗ ಹಾಕ್ಕಂಡ್ರಾ?” ಅಂದೆ. ಅವ್ವ ಮತ್ತೆ ಚಿವುಟಿದಳು. ಚಿವುಟಿಕೊಳ್ಳಲಿ.

ಅವನು ತಲೆ ಎತ್ತಿದ. “ಅಜ್ಜಿ ಮಾತು ನಾನು ಮೀರಲ್ಲ. ನೀವೂ ಮೀರಬ್ಯಾಡ್ರಿ. ಆದ್ರೆ ಅಜ್ಜಿ ಒಂದು ಮಾತು ಅರ್ಧಕ್ಕೆ ನಿಲ್ಸೈತೆ. ಅದನ್ನ ಮುಗಿಸ್ಲಿ” ಅಂದ. ಆಮೇಲೆ ಅಜ್ಜಿಯ ಮುಂದೆ ಮಂಡಿಯೂರಿ, “ಈ ಹುಡುಗಿ ನಂಗೆ ಅಂದ್ಯಲ್ಲ, ನಿಂಗೆ ಏನು?” ಅಂತ ಕೇಳಿದ.

ಅಜ್ಜಿ ಮುಖ ತಿರುಗಿಸಿದಳು. “ಹಿಡಿಸ್ತು. ಅದಕ್ಕೇ ಭಯ.”

ಇಷ್ಟು ಸಾಕಾಯಿತು ನನಗೆ. ಹಿಡಿಸಿದವಳು ನಾನು. ನನ್ನ ಪಾಲಿನ ಮಾತನ್ನು ಆ ಟಾರ್ಚಿಗೆ ಬಿಟ್ಟುಕೊಡಲು ನಾನೇನು ಹುಚ್ಚಿಯೇ? ಅಜ್ಜಿಯ ಎದುರಿಗೆ ಹೋಗಿ ನಿಂತೆ. “ಅಜ್ಜಿ, ಬೆಳಕು ಹೋದ್ರೆ ಕೆಟ್ಟ ಶಕುನ ತಾನೆ? ಹಂಗಾದ್ರೆ ಬೆಳಕು ಬಂದ್ರೆ ಒಳ್ಳೇ ಶಕುನ ಆಗ್ಬೇಕು. ನೀವು ಬೆಳಕಲ್ಲಿ ಶುರು ಮಾಡಿದ್ರಿ, ಕತ್ತಲಾಯ್ತು. ಈಗ ಕತ್ತಲಲ್ಲೇ ಶುರು ಮಾಡ್ರಿ. ನೀವು ಕುಂಕುಮ ಇಟ್ಟ ಮೇಲೆ ಬೆಳಕು ಹತ್ಲಿ. ಆಗ ಶಿವ ಏನಂದ ಅಂತೀರಿ?”

“ಲೇ, ಸುಮ್ಕಿರೇ” ಅಂದ ಅಪ್ಪ.

ನಾನು ಸುಮ್ಮನಿರಲಿಲ್ಲ. ಗೈಡಿನ ಕಡೆ ತಿರುಗಿ, “ಅಣ್ಣ, ಆರಿಸ್ರಿ ಇನ್ನೊಂದ್ಸಲ” ಅಂದೆ. ಅವನು ನನ್ನನ್ನು ನೋಡಿದ, ಅಪ್ಪನನ್ನು ನೋಡಿದ, ಕೊನೆಗೆ ಅಜ್ಜಿಯನ್ನು ನೋಡಿದ. ಅಜ್ಜಿ ಹೇಳದೆ ಅವನು ಬೆರಳು ಅಲ್ಲಾಡಿಸುವ ಹಾಗೆ ಕಾಣಲಿಲ್ಲ.

ಅಜ್ಜಿ ನನ್ನ ಮುಖವನ್ನೇ ದಿಟ್ಟಿಸುತ್ತಿದ್ದಳು. “ನಿಂಗೆ ಭಯ ಇಲ್ವೇನೆ?”

“ಇಲ್ಲ ಅಜ್ಜಿ.”

“ಒಂಚೂರೂ?”

“ಒಂಚೂರೂ ಇಲ್ಲ. ನಿಮ್ಮ ಮೊಮ್ಮಗನ ಮುದ್ದೆ ನೆನೆಸ್ಕಂಡ್ರೆ ಮಾತ್ರ ಭಯ.”

ಅಜ್ಜಿ ಸೆರಗಿನ ಗಂಟಿನಲ್ಲಿ ಉಳಿದಿದ್ದ ಕುಂಕುಮಕ್ಕೆ ಬೆರಳು ಹಾಕಿದಳು. “ಆರ್ಸಪ್ಪ” ಅಂದಳು ಗೈಡಿಗೆ. “ನಾನು ಹಚ್ಚು ಅನ್ನೋಗಂಟ ಹಚ್ಚಬ್ಯಾಡ.”

ಕತ್ತಲಾಯಿತು. ಅಜ್ಜಿಯ ಎಡಗೈ ನನ್ನ ಗದ್ದಕ್ಕೆ ತಗಲಿತು. ಉಣ್ಣೆ ನೂತು ಒರಟಾಗಿದ್ದ ಬೆರಳು. ಅದು ತುಟಿ ಮುಟ್ಟಿ, ಮೂಗಿನ ಮೇಲೆ ಹಾದು, ರೆಪ್ಪೆ ಸವರಿ, ದಾರಿ ಹುಡುಕಿಕೊಂಡು ಹಣೆಗೆ ಬಂತು. ಕುಂಕುಮ ಹಿಡಿದ ಬಲಗೈ ಮಾತ್ರ ಮುಂದೆ ಬರಲಿಲ್ಲ. ಕಣ್ಣಿಗೆ ಕಾಣುವಾಗ ಅಜ್ಜಿ ನನಗೆ ಗಟ್ಟಿಗಿತ್ತಿ, ಕೈ ಮುಟ್ಟಿದಾಗ ಹಾಗಿರಲಿಲ್ಲ. ಅವಳು ನನ್ನ ಕಿವಿಯ ಹತ್ತಿರ ಬಾಗಿ ನನಗೊಬ್ಬಳಿಗೇ ಕೇಳುವಂತೆ ಹೇಳಿದಳು.

“ಆವತ್ತು ಅದು ಗಾಳಿ ಅಂದೋಳು ನಾನೇ ಕಣವ್ವ. ಮಗಳು ಹೆದರಿದ್ಲು. ಏ ಗಾಳಿ ಕಣೇ, ತಲೆ ಎತ್ತು ಅಂತ ನಾನೇ ಗದರಿದ್ದೆ.”

ಎಲ್ಲದಕ್ಕೂ ಉತ್ತರ ಇಟ್ಟುಕೊಂಡೇ ಹುಟ್ಟಿದವಳು ನಾನು. ಆ ಮಾತಿಗೆ ಮಾತ್ರ ಉತ್ತರ ಕೊಟ್ಟದ್ದು ಕೈಯಿಂದ. ಆ ಬಲಗೈಯನ್ನು ತಡಕಿ ನನ್ನ ಎರಡೂ ಕೈಯಲ್ಲಿ ಹಿಡಿದು ನಾನೇ ಹಣೆಗೆ ಒತ್ತಿಕೊಂಡೆ. ಕುಂಕುಮ ತಣ್ಣಗೆ ಅಂಟಿತು.

“ನೀನು ನಂಗಿಂತ ಮುಂಚೆ ಹೋಗಬ್ಯಾಡ” ಅಂದಳು ಅಜ್ಜಿ. “ಮಾತು ಕೊಡು.”

ಅಂಥ ಮಾತನ್ನು ಯಾರೂ ಯಾರಿಗೂ ಕೊಡಲಾಗದು ಅನ್ನುವುದು ದಿನವೂ ವಾರ್ಡಿನಲ್ಲಿ ಓಡಾಡುವ ನನಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು? ಆದರೂ ಕೊಟ್ಟೆ. “ಹೋಗಲ್ಲ ಅಜ್ಜಿ” ಅಂದೆ. “ನಿಮ್ಮನ್ನ ಕಳಿಸಿಕೊಟ್ಟೇ ಆಮೇಲೆ ನಾನು ಹೋಗೋದು.”

“ಹ್ಞಾ, ಅದು ಮಾತು” ಅಂತ ಮೂಗು ಎಳೆದುಕೊಂಡಳು ಅಜ್ಜಿ. ಆಮೇಲೆ ಇಡೀ ಗುಹೆಗೆ ಕೇಳುವ ಹಾಗೆ ಕೂಗಿದಳು. “ಹಚ್ಚಪ್ಪ ಬೆಳಕು, ನಮ್ಮ ಹುಡುಗಿ ಮುಖ ನೋಡ್ಬೇಕು!”