ಅಧ್ಯಕ್ಷರ ಹೊಟ್ಟೆ, ಅಕ್ಕನ ಮೊಣಕಾಲು

ನಾನು ಡೊಂಬಿವಲಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು. ಸೇಬು, ಹೂಕುಂಡ, ಸೂರ್ಯೋದಯ ಬರೆಸಿ ಬರೆಸಿ ಸಾಕಾದವನಿಗೆ ಒಂದೇ ಸುಖವೆಂದರೆ ನಮ್ಮ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ವ್ಯಂಗ್ಯಚಿತ್ರ ಬರೆಯುವುದು. ಯಾರಿಗಾದರೂ ಕಾಗದದ ಮೇಲೆ ಚೆನ್ನಾಗಿ ಉಗಿಯದಿದ್ದರೆ ನನಗೆ ಆ ವರ್ಷ ಊಟ ರುಚಿಸುವುದಿಲ್ಲ.

ಆ ಸಲ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ನಮ್ಮವರೆಲ್ಲ ಹಣ ಇಟ್ಟಿದ್ದ ಕ್ರೆಡಿಟ್ ಸೊಸೈಟಿ ಮುಳುಗಿತು ಅಂತ ಸ್ಟೇಷನ್ ಹತ್ರ ಸುದ್ದಿ ಹಬ್ಬಿದ್ದೇ ತಡ, ಅರ್ಧ ಇಳಿಸಿದ ಶಟರ್ ಮುಂದೆ ಜನವೋ ಜನ. ಅದರಲ್ಲಿ ನನ್ನ ಅಕ್ಕನೂ ಇದ್ದಳು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲರಿಗೆ ಊಟ ಬೇಯಿಸಿ ಹಾಕಿ, ನಿಂತು ನಿಂತೇ ಮೊಣಕಾಲು ಸವೆಸಿಕೊಂಡವಳು. ಆಪರೇಷನ್ನಿಗೆ ಅಂತ ಕೂಡಿಟ್ಟದ್ದೆಲ್ಲ ಆ ಸೊಸೈಟಿಯಲ್ಲೇ ಇತ್ತು. ಕಾಲು ಸರಿ ಮಾಡಿಸುವ ದುಡ್ಡಿಗಾಗಿ ಅದೇ ಕಾಲಿನ ಮೇಲೆ ನಿಂತಿದ್ದಳು. ದೂರು ಕೊಡಲು ಬೇಲಾಪುರದ ಸಹಕಾರ ಇಲಾಖೆ ಆಫೀಸಿಗೂ ಕುಂಟಿಕೊಂಡು ಹೋಗಿ ಬಂದಳು. ಅರ್ಜಿ ಇಸ್ಕೊಂಡರು, ಅಷ್ಟೆ.

ನಾನು ಬರೆದೆ. ಬಾಳೆಎಲೆ ಮುಂದೆ ಸೊಸೈಟಿಯ ಅಧ್ಯಕ್ಷರು. ಎಲೆ ತುಂಬ ಜನರ ಪಾಸ್‌ಬುಕ್ಕುಗಳು. ಅವರ ಹೊಟ್ಟೆ ಪಕ್ಕದವರ ಎಲೆಯ ಮೇಲೂ ಹರಡಿದೆ. ಹಿಂದೆ ಖಾಲಿ ಎಲೆ ಹಿಡಿದು ನಿಂತವರ ಸಾಲು. "ನಾಚಿಕೆ ಎಂತಕ್ಕೆ, ಇನ್ನೂ ಸ್ವಲ್ಪ ಬಡಿಸಿ" ಅನ್ನುತ್ತಿದ್ದಾರೆ ಅಧ್ಯಕ್ಷರು. ಮೂಗು, ಹುಬ್ಬು, ಉಂಗುರ ಯಾವುದನ್ನೂ ಬಿಡಲಿಲ್ಲ. ಇದನ್ನು ನೋಡಿದ ಮೇಲೆ ಆ ಮನುಷ್ಯ ನಾಲ್ಕು ಜನರೆದುರು ಮುಖ ಎತ್ತಬಾರದು, ಅಷ್ಟೇ ನನ್ನ ಆಸೆ.

ಸಂಚಿಕೆಯ ಹಿಂಬದಿ ಪುಟದ ಜಾಹೀರಾತು ಪ್ರತಿ ವರ್ಷ ಈ ಅಧ್ಯಕ್ಷರದ್ದೇ. ಈ ಸಲ ಎಲ್ಲಿಂದ ಕೊಡ್ತಾರೆ ಅಂದುಕೊಂಡರೆ, ಕೊಟ್ಟರು ಮಾರಾಯ್ರೆ! ನನ್ನ ಚಿತ್ರದ ಸುದ್ದಿ ಕೇಳಿ ಅದು ಅಚ್ಚಾಗುವ ಪುಟಕ್ಕೂ ದುಡ್ಡು ಕೊಟ್ಟರು. ಸಂಘದ ಪದ್ಧತಿಯಂತೆ ದುಡ್ಡು ಕೊಟ್ಟವರ ಹೆಸರು ಪುಟದ ಕೆಳಗೆ ಬರಲೇಬೇಕು. ನಾನು ಬರೆದ ಹೊಟ್ಟೆಯ ಅಡಿಯಲ್ಲೇ ಅವರ ಹೆಸರು, ಕೈಮುಗಿದ ಫೋಟೋ, ಶುಭ ಹಾರೈಕೆ. ಸಂಪಾದಕರಿಗೆ ಬಾಯಿಗೆ ಬಂದಂತೆ ಬೈದೆ. "ಹಾಲ್ ಬಾಡಿಗೆ ನೀವು ಕೊಡ್ತೀರಾ ಮಾಷ್ಟ್ರೇ?" ಅಂದರು.

ಸಂಚಿಕೆ ಬಿಡುಗಡೆಗೆ ಮುಖ್ಯ ಅತಿಥಿಯೂ ಸೊಸೈಟಿಯ ಅಧ್ಯಕ್ಷರೇ. ನನ್ನ ಚಿತ್ರ ಎತ್ತಿ ಹಿಡಿದು, "ಹೊಟ್ಟೆ ಸ್ವಲ್ಪ ಕಮ್ಮಿ ಮಾಡಬಹುದಿತ್ತು ಮಾಷ್ಟ್ರೇ!" ಅಂದರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಶಟರ್ ಮುಂದೆ ಎದೆ ಬಡಿದುಕೊಂಡಿದ್ದವರೇ ಎಲ್ಲರಿಗಿಂತ ಜೋರಾಗಿ. ಥೂ! ಆಮೇಲೆ ನನ್ನನ್ನು ವೇದಿಕೆಗೆ ಕರೆದು ಅಧ್ಯಕ್ಷರ ಕೈಯಿಂದಲೇ ಸನ್ಮಾನ. ಶಾಲನ್ನು ಅವರ ಮುಖಕ್ಕೇ ಎಸೆದು ಇಳಿಯೋಣ ಅನ್ನಿಸಿತು. ಮುಂದಿನ ಸಾಲಿನಿಂದ ಅಕ್ಕ ಕಣ್ಣಲ್ಲೇ ಬೇಡಿದಳು, ಸಿಟ್ಟು ಮಾಡಬೇಡ, ತಗೋ ಅಂತ. ಇವರು ಖುಷಿಯಾದರೆ ತನ್ನ ದುಡ್ಡು ಬಿಟ್ಟಾರು ಅಂತ ಅವಳ ಲೆಕ್ಕ. ನಾನು ತಲೆ ಬಗ್ಗಿಸಿ ಹೊದೆಸಿಕೊಂಡೆ.

ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಗೋಡೆ ಹಿಡಿದುಕೊಂಡು ವೇದಿಕೆಯ ಮೆಟ್ಟಿಲು ಹತ್ತಿದಳು.

"ಧಣಿಗಳೇ, ನನ್ನ ಕಾಲಿನ ಆಪರೇಷನ್ನಿಗೆ ಇಟ್ಟದ್ದು..."

"ಅಯ್ಯೋ ಅಕ್ಕ, ಅದನ್ನೂ ತಮ್ಮನ ಹತ್ರ ಒಂದು ಚಿತ್ರ ಬರೆಸಿ. ಬರುವ ವರ್ಷ ಎಲ್ಲರೂ ಸೇರಿ ನಗುವಾ," ಅಂದವರೇ ಅಧ್ಯಕ್ಷರು ಹೊರಟುಬಿಟ್ಟರು.

ರಿಕ್ಷಾದಲ್ಲಿ ಅಕ್ಕ ನನ್ನ ಹೆಗಲ ಮೇಲಿದ್ದ ಶಾಲನ್ನು ಎಳೆದುಕೊಂಡು, ಬಾತ ಮೊಣಕಾಲಿಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

"ನನ್ನ ದುಡ್ಡಲ್ಲಿ ಇಷ್ಟಾದರೂ ವಾಪಸ್ ಬಂತಲ್ಲ ಮಾರಾಯ," ಅಂದಳು.