ಸವಳು ಬೇಕೆನ್ನುವ ಗಿಡ

ಬೆಳಿಗ್ಗೆ ಸಮುದ್ರದ ಕಡೆ ಹರಿಯುತ್ತಿದ್ದ ಹಳ್ಳ ಮಧ್ಯಾಹ್ನ ತಿರುಗಿ ಊರ ಕಡೆ ಹರಿಯುತ್ತಿತ್ತು. ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಬಂದ ನಾನು ದಂಗಾಗಿ ನಿಂತೆ. ನಮ್ಮ ಭೀಮಾ ನದಿ ಉಕ್ಕಿದ್ದನ್ನು, ಬತ್ತಿದ್ದನ್ನು ನಮ್ಮ ಕಡೆಯವರಾದ ನೀವೂ ಕಂಡಿದ್ದೀರಿ. ಬಂದ ದಾರಿಯಲ್ಲೇ ವಾಪಸು ಹೋದದ್ದನ್ನು ಯಾರಾದರೂ ಕಂಡಿದ್ದೀರಾ? "ಇದು ಭರತ, ಸಮುದ್ರ ಏರೋ ಹೊತ್ತು," ಎಂದು ಬಾಡಿಗೆ ಮನೆಯ ಒಡತಿ ನಾಗವೇಣಕ್ಕ ನಕ್ಕರು.

ಕುಮಟಾ ಕಡೆಯ ಈ ಅಳಿವೆಯಲ್ಲಿ ನಾನು ಅರಣ್ಯ ಇಲಾಖೆಯ ಗಾರ್ಡ್. ಉಪ್ಪು ಕೆಸರಿನಲ್ಲಿ ಬೇರು ಚಾಚಿ ನಿಲ್ಲುವ ಕಾಂಡ್ಲಾ ಗಿಡಗಳನ್ನೂ ಅಲ್ಲಿಗೆ ಬರುವ ಹಕ್ಕಿಗಳನ್ನೂ ಕಾಯುವುದು ಕೆಲಸ. ಊರಿನಲ್ಲಿ ಜೋಳದ ತೆನೆ ಹಾಲು ತುಂಬಿದಾಗ ಕವಣೆ ಬೀಸಿ ಹಕ್ಕಿ ಓಡಿಸಿದವಳು, ಇಲ್ಲಿ ಹಕ್ಕಿ ಇಳಿದರೆ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ರೊಟ್ಟಿಯಿಲ್ಲದೆ ಮೊದಮೊದಲು ಹೊಟ್ಟೆಯೇ ತುಂಬುತ್ತಿರಲಿಲ್ಲ.

ಹೊಸದರಲ್ಲೇ ಒಂದು ಅನಾಹುತ ಮಾಡಿದೆ. ಹಳೆಯ ಗದ್ದೆಯೊಂದರ ಒಡ್ಡಿನಲ್ಲಿ ಕಂಡಿ ಬಿದ್ದು ಉಪ್ಪುನೀರು ಒಳಗೆ ನುಗ್ಗುತ್ತಿತ್ತು. ನಮ್ಮ ಹೊಲ ಕಣ್ಣ ಮುಂದೆ ಬಂತು. ನೀರಾವರಿ ಹೆಚ್ಚಾಗಿ, ಕರಿಮಣ್ಣಿನ ಮೇಲೆ ಬಿಳಿ ಉಪ್ಪಿನ ಸವಳು ಎದ್ದು ಕೂತ ಆ ಹೊಲದಲ್ಲಿ ಅಣ್ಣ ಈಗಲೂ ಗುದ್ದಾಡುತ್ತಿದ್ದಾನೆ. ಯಾರನ್ನೂ ಕೇಳದೆ ಮಣ್ಣಿನ ಚೀಲ ಹೊತ್ತು ತಂದು ಕಂಡಿ ಮುಚ್ಚಿದೆ. ಸಂಜೆ ಅಣ್ಣನಿಗೆ ಫೋನು ಹಚ್ಚಿ, "ಇವತ್ತ ಯಾರದೋ ಹೊಲ ಉಳಿಸೇನಿ" ಎಂದು ಜಂಬ ಕೊಚ್ಚಿದ್ದೂ ಆಯಿತು.

ಆಮೇಲೆ ಗೊತ್ತಾಯಿತು, ಭರತದ ನೀರು ಬರಲೆಂದೇ ನಮ್ಮ ಇಲಾಖೆಯವರೇ ಆ ಕಂಡಿ ಕಡಿಸಿದ್ದರು. ಒಳಗೆ ನಾಗವೇಣಕ್ಕ ಮತ್ತು ಕೇರಿಯ ಹೆಂಗಸರು ಸೊಂಟಮಟ್ಟ ಕೆಸರಲ್ಲಿ ನಿಂತು ನೆಟ್ಟ ಕಾಂಡ್ಲಾ ಸಸಿಗಳಿದ್ದವು. ಒಳಬಂದ ನೀರು ಹೊರಹೋಗದೆ ನಿಂತು ನಾರಿತು. ಸಸಿಗಳು ಕಪ್ಪಾಗಿ ಸತ್ತವು.

"ಉಪ್ಪುನೀರು ಬಂದು ಹೋಗ್ತಾ ಇರ್ಬೇಕು ತಂಗಿ," ಎಂದರು ನಾಗವೇಣಕ್ಕ, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 

ಚೀಲ ಕಿತ್ತು, ಹೆಂಗಸರ ಜೊತೆ ನಾನೂ ಕೆಸರಿಗಿಳಿದು ಮತ್ತೆ ನೆಟ್ಟೆ. ಈಗ ಆ ಸಸಿಗಳು ಎದೆಮಟ್ಟ ಬಂದಿವೆ. ನೀರಿಳಿದಾಗ ಬೆಳ್ಳಕ್ಕಿಗಳು ಅವುಗಳ ನಡುವೆ ಮೀನು ಹೆಕ್ಕುತ್ತವೆ. ಖುಷಿಗೆ ಅಣ್ಣನಿಗೊಂದು ಫೋಟೊ ಕಳಿಸಿದೆ.

ಕೂಡಲೇ ಅಣ್ಣನ ಫೋನು ಬಂತು. "ಇವು ಸವಳಾಗೇ ಬೆಳ್ದಾವೇನ್ ಬೇ?"

"ಹೌದಣ್ಣ."

"ಹಂಗಾದ್ರ ಊರಿಗಿ ಬರುವಾಗ ನಾಕ ಸಸಿ ತಗೊಂಡ್ ಬಾ. ನಮ್ಮ ಹೊಲದಾಗ ಹಚ್ಚಿ ನೋಡೂಣು."

ಅವನ ದನಿಯಲ್ಲಿ ಅಷ್ಟು ಆಸೆ ಕೇಳಿ ಎಷ್ಟು ಕಾಲವಾಗಿತ್ತೋ. "ಅಲ್ಲಿ ಬದುಕಂಗಿಲ್ಲಣ್ಣ. ಇವಕ್ಕ ದಿನಾ ಸಮುದ್ರದ ನೀರು ಬಂದು ಹೋಗ್ಬೇಕು" ಎಂದೆ. ಹೇಳುವಾಗ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಸವಳಿಗೆ ಹೆದರಿ ಊರು ಬಿಟ್ಟವಳು, ಇಲ್ಲಿ ಪಗಾರ ತಗೊಂಡು ಉಪ್ಪಿನಲ್ಲಿ ಹಸಿರು ಬೆಳೆಸುತ್ತಿದ್ದೇನೆ.

"ಇರ್ಲಿ ಬಿಡು," ಎಂದ ಅಣ್ಣ. " ನೀನರ ಯಾವಾಗ ಬರ್ತಿ?"

"ಈ ತಿಂಗಳು ಆಗಂಗಿಲ್ಲ. ಮತ್ತ ಹೊಸ ಸಸಿ ಹಚ್ಚಾಕತ್ತೇವಿ."

"ಹಂಗಾದ್ರ ಬರಬ್ಯಾಡ," ಎಂದ. "ಹಚ್ಚೋ ಹೊತ್ತಿನಾಗ ಹೊಲ ಬಿಟ್ಟು ಬರಬಾರ್ದು."